ದಣಿದ ಎತ್ತು ಹೇಳುವ ಲೆಕ್ಕ

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರು ತುಂಗಭದ್ರೆಯ ತೀರದ ಊರು. ವೀರಭದ್ರೇಶ್ವರನ ಸನ್ನಿಧಿಯಿಂದ ಭಕ್ತರಿಗೆ ಪರಿಚಿತವಾದ ಈ ಊರಿನ ಹೆಸರು ಏತ ನೀರಾವರಿ ಯೋಜನೆಯಿಂದಾಗಿ ರೈತರ ಬಾಯಲ್ಲಿಯೂ ನೆಲೆಸಿದೆ. ಹಮ್ಮಿಗಿಯ ಬಳಿ ಹೊಳೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿ, ಅಲ್ಲಿ ನಿಂತ ನೀರನ್ನು ಮೇಲೆತ್ತಿ ಒಣಭೂಮಿಗೆ ಹರಿಸುವುದು ಯೋಜನೆಯ ಕ್ರಮ. ಮಳೆಗಾಲದ ಹೊಳೆಗೆ ಬಲಕ್ಕೇನೂ ಕೊರತೆಯಿಲ್ಲ. ಆದರೆ ಅಂಕೆಯಿಲ್ಲದ ಆ ಬಲವು ದಂಡೆಯ ಬೆಳೆಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ಅದೇ ನೀರು ಒಂದು ಕಟ್ಟೆಯ ಹಿಂದೆ ನಿಂತಾಗ ದೂರದ ಹೊಲದ ಬಾಯಾರಿಕೆಯನ್ನೂ ತಣಿಸುತ್ತದೆ.

ಸಂಪತ್ತಿನ ಸ್ವಭಾವವೂ ನೀರಿನಂತೆಯೇ. ಅದಕ್ಕೆ ಹರಿಯುವ ಗುಣವೂ ಉಂಟು, ನುಗ್ಗುವ ಗುಣವೂ ಉಂಟು. ಜೈನಾಚಾರ್ಯರು ಗೃಹಸ್ಥನಿಗೆ ಬೋಧಿಸಿದ ಪರಿಗ್ರಹ ಪರಿಮಾಣ ವ್ರತವು ಈ ಹರಿವಿಗೆ ಕಟ್ಟುವ ಕಟ್ಟೆ. ‘ಇಷ್ಟು ನನಗೆ ಸಾಕು’ ಎಂದು ತಾನೇ ಗೆರೆ ಎಳೆದುಕೊಂಡು, ಆ ಗೆರೆಯೊಳಗೆ ಬದುಕುವುದು ಅದರ ತಿರುಳು. ವ್ಯಾಪಾರದ ಮುಖಂಡತ್ವವೆಂದರೆ ಮಾರುಕಟ್ಟೆಯ ಜಾಣ್ಮೆಯೆಂದೂ ಲಾಭದ ವೇಗವೆಂದೂ ಭಾವಿಸುವವರ ನಡುವೆ, ಈ ವ್ರತವು ಬೇರೊಂದು ಪ್ರಶ್ನೆಯನ್ನು ಮುಂದಿಡುತ್ತದೆ: ಅಂಗಡಿಯನ್ನು ನಡೆಸುವವನು ತನ್ನನ್ನು ತಾನು ಹೇಗೆ ನಡೆಸಿಕೊಳ್ಳುತ್ತಿದ್ದಾನೆ?

ವಾಣಿಜ್ಯಕ್ಕೆ ನಿಷೇಧವಿಲ್ಲ

ಜಿನಧರ್ಮವು ವೈರಾಗ್ಯದ ಧರ್ಮವಾದುದರಿಂದ ವ್ಯಾಪಾರಕ್ಕೆ ಅಲ್ಲಿ ಸ್ಥಾನವಿಲ್ಲವೆಂದು ಕೆಲವರು ತಿಳಿಯುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಪ್ರಥಮ ತೀರ್ಥಂಕರ ಋಷಭದೇವರು ಕರ್ಮಭೂಮಿಯ ಜನರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪವೆಂಬ ಆರು ಬಗೆಯ ಜೀವನೋಪಾಯಗಳನ್ನು ಕಲಿಸಿದರೆಂದು ಪುರಾಣಗಳು ಸಾರುತ್ತವೆ. ಕೃಷಿಯ ಜೊತೆಗೇ ವಾಣಿಜ್ಯಕ್ಕೂ ಅಲ್ಲಿ ಗೌರವದ ಸ್ಥಾನವಿದೆ.

ಸಿಂಗಟಾಲೂರಿನ ಸುತ್ತಣ ಸೀಮೆಯೇ ಇದಕ್ಕೆ ಸಾಕ್ಷಿ. ಗದಗಿನ ಸಮೀಪದ ಮುಳಗುಂದದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಇಮ್ಮಡಿ ಕೃಷ್ಣನ ಕಾಲಕ್ಕೆ ಸೇರಿದ, ಶಕವರ್ಷ 824ರ ಶಾಸನವೊಂದು ದೊರೆತಿದೆ. ವೈಶ್ಯ ಕುಲದ ಚಂದ್ರಾರ್ಯನ ಮಗ ಚಿಕಾರ್ಯನು ಅಲ್ಲಿ ಎತ್ತರದ ಜಿನಾಲಯವನ್ನು ಕಟ್ಟಿಸಿದನೆಂದೂ, ಅವನ ಮಗ ಅರಸಾರ್ಯನು ಅದಕ್ಕೆ ಭೂಮಿಯನ್ನು ದಾನವಿತ್ತನೆಂದೂ ಅದು ತಿಳಿಸುತ್ತದೆ. ಪುಲಿಗೆರೆಯೆಂದು ಹೆಸರಾಗಿದ್ದ ಇಂದಿನ ಲಕ್ಷ್ಮೇಶ್ವರದಲ್ಲಿ ಶಂಖ ಬಸದಿ ಇಂದಿಗೂ ನಿಂತಿದೆ. ಲೊಕ್ಕಿಗುಂಡಿಯೆನಿಸಿದ್ದ ಲಕ್ಕುಂಡಿಯು ಟಂಕಸಾಲೆಗೆ ಪ್ರಸಿದ್ಧವಾಗಿತ್ತು. ಅಲ್ಲಿನ ಲೊಕ್ಕಿ ಗದ್ಯಾಣದ ಹೆಸರು ಅನೇಕ ಶಾಸನಗಳಲ್ಲಿ ಬರುತ್ತದೆ.

ನಾಣ್ಯವೊಂದು ಊರಿನ ಹೆಸರಿನಿಂದ ಚಲಾವಣೆಯಾಗಬೇಕಾದರೆ ಅದರ ತೂಕದಲ್ಲಿ ಜನರಿಗೆ ನಂಬಿಕೆಯಿರಬೇಕು. ತೂಕದ ನಂಬಿಕೆ ಹೋದ ದಿನ ಚಿನ್ನವೂ ಬರಿಯ ಲೋಹವಾಗುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥ ಸೂತ್ರವು ಅಚೌರ್ಯ ವ್ರತದ ಅತಿಚಾರಗಳನ್ನು ಎಣಿಸುವಾಗ, ಕಳ್ಳತನಕ್ಕೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು ಇವುಗಳ ಜೊತೆಗೆ ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ ಕಲಬೆರಕೆಯನ್ನೂ ಸೇರಿಸಿರುವುದು ಗಮನಾರ್ಹ. ಗೋಡೆಗೆ ಕನ್ನ ಹಾಕಿದವನೂ ತಕ್ಕಡಿಗೆ ಕೈ ತಾಗಿಸಿದವನೂ ಶಾಸ್ತ್ರದ ದೃಷ್ಟಿಯಲ್ಲಿ ಒಂದೇ ದಾರಿಯ ಪಯಣಿಗರು.

ಸಮಂತಭದ್ರರು ಹಿಡಿದ ಕನ್ನಡಿ

ಮೋಸವಿಲ್ಲದೆ ವ್ಯಾಪಾರ ಮಾಡುವುದು ಮೊದಲ ಮೆಟ್ಟಿಲು. ಅಲ್ಲಿಗೇ ಸಾಧನೆ ಮುಗಿಯಲಿಲ್ಲ. ತೂಕ ಸರಿಯಿದ್ದೂ, ಲೆಕ್ಕ ಶುದ್ಧವಿದ್ದೂ, ಮನಸ್ಸು ಮಾತ್ರ ಮಿತಿಯನ್ನು ಮೀರಿರಬಹುದು. ಆ ಮೀರುವಿಕೆಯನ್ನು ಗುರುತಿಸುವುದು ಹೇಗೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಐದು ದೋಷಗಳನ್ನು ಹೆಸರಿಸಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಮತ್ತು ಅತಿಭಾರವಹನ. ವ್ಯಾಪಾರಿಯ ಮುಂದೆ ಹಿಡಿದ ಕನ್ನಡಿಯಂತಿದೆ ಈ ಪಟ್ಟಿ.

ವ್ಯಾಖ್ಯಾನಕಾರರ ವಿವರಣೆಯಂತೆ, ಎತ್ತು ಮೊದಲಾದ ಪ್ರಾಣಿಗಳು ಸುಖವಾಗಿ ಸಾಗಬಲ್ಲಷ್ಟು ದೂರವನ್ನು ಮೀರಿ ಅವನ್ನು ಲೋಭದಿಂದ ನಡೆಸುವುದು ಅತಿವಾಹನ. ಮುಂದೆ ಧಾರಣೆ ಏರಿ ಭಾರಿ ಲಾಭ ಬರುವುದೆಂಬ ಆಸೆಯಿಂದ ಧಾನ್ಯಾದಿಗಳನ್ನು ಕೂಡಿಡುವುದು ಅತಿಸಂಗ್ರಹ. ತಾನು ಮಾರಿದ ಮಾಲಿನಿಂದ ಇನ್ನೊಬ್ಬನು ಹೆಚ್ಚು ಗಳಿಸಿದುದನ್ನು ಕಂಡು ಬೆರಗಾಗಿ ಒಳಗೊಳಗೇ ಕೊರಗುವುದು ವಿಸ್ಮಯ. ತಕ್ಕ ಲಾಭ ಕೈಸೇರಿದ ಮೇಲೂ ಇನ್ನಷ್ಟಕ್ಕೆ ಬಾಯಿಬಿಡುವುದು ಲೋಭ. ಹೊರಬಲ್ಲುದಕ್ಕಿಂತ ಹೆಚ್ಚು ಹೊರೆ ಹೇರುವುದು ಅತಿಭಾರವಹನ.

ಇಲ್ಲೊಂದು ಸೂಕ್ಷ್ಮವಿದೆ. ವ್ರತವು ಹಣಕಾಸಿಗೆ ಸಂಬಂಧಿಸಿದ್ದು. ಹೊನ್ನು, ಹೊಲ, ಮನೆ, ಧಾನ್ಯಗಳ ಮಿತಿ ಅದರ ವಿಷಯ. ಆದರೂ ಆಚಾರ್ಯರು ಹೇಳಿದ ಐದು ದೋಷಗಳಲ್ಲಿ ಎರಡು, ಬಾಯಿಲ್ಲದ ಎತ್ತಿನ ದಣಿವಿಗೆ ಸಂಬಂಧಿಸಿವೆ. ಪಟ್ಟಿಯ ಮೊದಲಲ್ಲಿಯೂ ಎತ್ತು, ಕೊನೆಯಲ್ಲಿಯೂ ಎತ್ತು. ಯಜಮಾನನ ಆಸೆ ಗೆರೆ ದಾಟಿತೇ ಎಂಬುದನ್ನು ತಿಳಿಯಲು ಅವನ ಖಾತೆ ಪುಸ್ತಕವನ್ನು ತೆರೆಯಬೇಕಾಗಿಲ್ಲ. ಅವನ ಗಾಡಿಯ ನೊಗಕ್ಕೆ ಕೊರಳು ಕೊಟ್ಟ ಎತ್ತನ್ನು ನೋಡಿದರೆ ಸಾಕು. ಅಲ್ಲಿ ಬಾಸುಂಡೆಯಿದ್ದರೆ ಇಲ್ಲಿ ಲೋಭವಿದೆ. ಮಿತಿ ಮೀರಿದ ಸಂಪತ್ತಿನ ಮೊದಲ ಗುರುತು ದಣಿದವರ ಮೈಮೇಲೆ ಮೂಡುತ್ತದೆ.

ಇಂದಿನ ಪೇಟೆಗೆ ಈ ಮಾತನ್ನು ಹೊಂದಿಸಿ ನೋಡಬಹುದು. ಗದಗ ಸೀಮೆಯ ಕಡಲೆ, ಶೇಂಗಾ, ಹತ್ತಿ, ಒಣಮೆಣಸಿನಕಾಯಿ, ಉಳ್ಳಾಗಡ್ಡಿಗಳ ಅಡತ್ ಅಂಗಡಿಯ ಒಬ್ಬ ಯಜಮಾನನನ್ನು ಕಲ್ಪಿಸಿಕೊಳ್ಳೋಣ. ಎತ್ತಿನ ಜಾಗಕ್ಕೆ ಈಗ ಲಾರಿ ಬಂದಿದೆ. ಆದರೆ ಲಾರಿಗೆ ದಣಿವಿಲ್ಲದಿದ್ದರೂ ಅದನ್ನು ಓಡಿಸುವವನಿಗೆ ದಣಿವಿದೆ. ಎರಡು ರಾತ್ರಿ ನಿದ್ದೆಗೆಟ್ಟ ಚಾಲಕನನ್ನು ಮೂರನೆಯ ರಾತ್ರಿಯೂ ಹೊರಡಿಸಿದರೆ ಅದು ಅತಿವಾಹನ. ಹಮಾಲನ ಬೆನ್ನು ತಾಳಲಾರದಷ್ಟು ಚೀಲಗಳನ್ನು ಹೇರಿದರೆ, ಇಬ್ಬರ ಕೆಲಸವನ್ನು ಒಬ್ಬ ಗುಮಾಸ್ತನಿಗೆ ವಹಿಸಿದರೆ, ಅದು ಅತಿಭಾರವಹನ. ಸುಗ್ಗಿಯಲ್ಲಿ ರೈತನ ಅವಸರದಿಂದ ಅಗ್ಗಕ್ಕೆ ಕೊಂಡ ಕಡಲೆಯನ್ನು ಊರಿಗೆ ಅಭಾವ ಬರಲೆಂದು ಗೋದಾಮಿನಲ್ಲಿ ಮುಚ್ಚಿಟ್ಟರೆ ಅತಿಸಂಗ್ರಹ. ನಿನ್ನೆ ಮಾರಿದ ಮಾಲಿನ ಇಂದಿನ ಧಾರಣೆಯನ್ನು ಮೊಬೈಲ್‌ನಲ್ಲಿ ಮತ್ತೆ ಮತ್ತೆ ನೋಡಿ ಊಟದ ರುಚಿ ಕಳೆದುಕೊಂಡರೆ ಅದೇ ವಿಸ್ಮಯ.

ಇಷ್ಟೆಲ್ಲ ನಡೆದಾಗ ಆ ಯಜಮಾನನ ಸ್ಥಿತಿ ಏನು? ಹೊತ್ತು ಮೀರಿದ ಊಟ, ತುಂಡು ತುಂಡಾದ ನಿದ್ದೆ, ಮಾತಿಗೆ ಮುಂಚೆ ಬರುವ ಸಿಟ್ಟು, ಮನೆಮಂದಿಯ ಮುಖ ನೋಡಲು ಪುರುಸೊತ್ತಿಲ್ಲದ ದಿನಗಳು. ಬೇರೆಯವರನ್ನು ಅಳತೆ ಮೀರಿ ನಡೆಸುವವನು ಅದಕ್ಕೂ ಮೊದಲು ತನ್ನನ್ನೇ ಅಳತೆ ಮೀರಿ ನಡೆಸಿಕೊಂಡಿರುತ್ತಾನೆ. ನೊಗದ ಒಂದು ಬದಿಗೆ ಅವನ ಆಳು, ಇನ್ನೊಂದು ಬದಿಗೆ ಅವನದೇ ದೇಹ. ಚಾಟಿ ಹಿಡಿದಿರುವುದು ಮಾತ್ರ ಲೋಭ.

ಆನಂದ ಶ್ರಾವಕನ ಪಟ್ಟಿ

ಈ ಚಾಟಿಯನ್ನು ಕೆಳಗಿಡಿಸುವ ಬಗೆಯನ್ನು ಆಗಮದ ಕಥೆಯೊಂದು ತೋರಿಸುತ್ತದೆ. ಉಪಾಸಕದಶಾಂಗವು ಹೇಳುವ ಹತ್ತು ಶ್ರಾವಕರಲ್ಲಿ ಮೊದಲನೆಯವನು ವಾಣಿಜ್ಯಗ್ರಾಮದ ಆನಂದ. ಅವನ ಬಳಿ ನಿಧಿಯಾಗಿ ನಾಲ್ಕು ಕೋಟಿ, ವ್ಯವಹಾರದಲ್ಲಿ ನಾಲ್ಕು ಕೋಟಿ, ಮನೆವಾರ್ತೆಯಲ್ಲಿ ನಾಲ್ಕು ಕೋಟಿ ಹೊನ್ನು ಇತ್ತು. ತಲಾ ಹತ್ತು ಸಾವಿರ ದನಗಳ ನಾಲ್ಕು ಹಿಂಡುಗಳಿದ್ದವು. ಊರಿನ ದೊಡ್ಡವರೂ ಸಣ್ಣವರೂ ಸಲಹೆ ಕೇಳಲು ಅವನ ಬಳಿಗೆ ಬರುತ್ತಿದ್ದರು. ಭಗವಾನ್ ಮಹಾವೀರರ ಉಪದೇಶ ಕೇಳಿದ ಆನಂದನು ಸನ್ಯಾಸಕ್ಕೆ ತಾನು ಶಕ್ತನಲ್ಲವೆಂದು ವಿನಯದಿಂದ ನಿವೇದಿಸಿ, ಶ್ರಾವಕ ವ್ರತಗಳನ್ನು ಸ್ವೀಕರಿಸಿದನು. ಅವನ ಪತ್ನಿ ಶಿವಾನಂದೆಯೂ ವ್ರತ ಹಿಡಿದಳು.

ಆನಂದನು ಎಳೆದ ಗೆರೆ ಸ್ವಾರಸ್ಯಕರವಾದುದು. ಇರುವುದನ್ನೆಲ್ಲ ಚೆಲ್ಲಿಬಿಡಲಿಲ್ಲ, ಇದ್ದಷ್ಟಕ್ಕೇ ಸಾಕೆಂದನು. ಹೊನ್ನು, ದನ, ನೇಗಿಲು, ಬಂಡಿಗಳಿಗೆ ಎಣಿಕೆ ಹಾಕಿದ ಆ ವ್ರತದ ಮುಂದುವರಿಕೆಯಲ್ಲೇ ಹಲ್ಲುಜ್ಜುವ ಕಡ್ಡಿ, ಮೀಯುವ ನೀರು, ತೊಡುವ ಬಟ್ಟೆ, ಉಣ್ಣುವ ಪದಾರ್ಥಗಳಿಗೂ ಮಿತಿ ಹಾಕಿಕೊಂಡನು. ಬಂಡಿಗಳ ಲೆಕ್ಕವೂ ಸ್ನಾನದ ನೀರಿನ ಲೆಕ್ಕವೂ ಒಂದೇ ಪಟ್ಟಿಯಲ್ಲಿ ಬಂದುದು ಆಕಸ್ಮಿಕವಲ್ಲ. ಬಚ್ಚಲಲ್ಲಿ ನೀರಿಗೆ ಮಿತಿ ಕಾಣದವನು ಮಾರುಕಟ್ಟೆಯಲ್ಲಿ ಆಸೆಗೆ ಮಿತಿ ಕಾಣಲಾರ. ವ್ಯವಹಾರದ ಶಿಸ್ತು ಹುಟ್ಟುವುದು ದಿನಚರಿಯ ಸಣ್ಣ ಸಂಗತಿಗಳಲ್ಲಿ.

ಶ್ರಾವಕನು ಕೈಬಿಡಬೇಕಾದ ಹದಿನೈದು ಉದ್ಯೋಗಗಳನ್ನೂ, ಅಂದರೆ ಕರ್ಮಾದಾನಗಳನ್ನೂ, ಅದೇ ಗ್ರಂಥ ಹೆಸರಿಸುತ್ತದೆ. ವಿಷದ ವ್ಯಾಪಾರ, ಕಾಡಿಗೆ ಬೆಂಕಿಯಿಡುವುದು, ಕೆರೆಸರೋವರಗಳನ್ನು ಬತ್ತಿಸುವುದು ಅವುಗಳಲ್ಲಿ ಸೇರಿವೆ. ಕಪ್ಪತಗುಡ್ಡದ ಹಸಿರನ್ನೂ ತುಂಗಭದ್ರೆಯ ನೀರನ್ನೂ ನಂಬಿ ಬದುಕುವ ಮುಂಡರಗಿ ಸೀಮೆಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆನಂದನ ಬದುಕಿನ ಇನ್ನೆರಡು ಘಟನೆಗಳು ಮುಖಂಡತ್ವದ ಪಾಠಗಳೇ ಆಗಿವೆ. ವ್ರತ ಹಿಡಿದು 14 ವರ್ಷ ಕಳೆದು 15ನೆಯ ವರ್ಷ ನಡೆಯುತ್ತಿರುವಾಗ, ಅವನು ಬಂಧುಬಳಗವನ್ನು ಕರೆದು ಉಣಿಸಿ, ಅವರ ಎದುರಿನಲ್ಲಿ ಹಿರಿಯ ಮಗನಿಗೆ ಮನೆತನದ ಭಾರವನ್ನು ಒಪ್ಪಿಸಿದನು. ಇನ್ನು ವ್ಯವಹಾರದಲ್ಲಿ ತನ್ನನ್ನು ಕೇಳಬೇಡಿರೆಂದು ತಿಳಿಸಿ ಪೌಷಧಶಾಲೆಯ ಸಾಧನೆಗೆ ತೆರಳಿದನು. ಕೈಯಲ್ಲಿ ಬಲವಿರುವಾಗಲೇ ಕೀಲಿಕೈ ಹಸ್ತಾಂತರಿಸುವ ಧೈರ್ಯ ಎಷ್ಟು ಮಂದಿಗಿದೆ? ಕೊನೆಯ ಉಸಿರಿನವರೆಗೂ ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡ ಹಿರಿಯರಿಂದಾಗಿ ಕದನದ ಕಣವಾದ ಮನೆತನಗಳಿಗೆ ಯಾವ ಊರಿನಲ್ಲಿಯೂ ಬರವಿಲ್ಲ.

ಇನ್ನೊಂದು ಘಟನೆ ಅದಕ್ಕಿಂತಲೂ ಮನಮುಟ್ಟುವಂಥದು. ಸಲ್ಲೇಖನದಲ್ಲಿದ್ದ ಆನಂದನಿಗೆ ಅವಧಿಜ್ಞಾನ ಉಂಟಾಯಿತು. ಅವನ ಜ್ಞಾನದ ವಿಸ್ತಾರವನ್ನು ಕೇಳಿದ ಗೌತಮ ಗಣಧರರು, ಗೃಹಸ್ಥನಿಗೆ ಇಷ್ಟು ಸಾಧ್ಯವಿಲ್ಲ, ಈ ಮಾತಿಗಾಗಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದರು. ಸತ್ಯ ಹೇಳಿದವನಿಗೂ ಪ್ರಾಯಶ್ಚಿತ್ತವುಂಟೇ ಎಂದು ಆನಂದನು ಶಾಂತವಾಗಿ ಕೇಳಿದನು. ಸಂಶಯಗೊಂಡ ಗೌತಮರು ಮಹಾವೀರರನ್ನು ವಿಚಾರಿಸಿದಾಗ, ಆನಂದನ ಮಾತೇ ಸರಿಯೆಂದೂ ಗೌತಮರೇ ಹೋಗಿ ಕ್ಷಮೆ ಕೇಳಬೇಕೆಂದೂ ಅಪ್ಪಣೆಯಾಯಿತು. ಪ್ರಧಾನ ಗಣಧರರು ತಡಮಾಡದೆ ಮರಳಿ ಹೋಗಿ ಒಬ್ಬ ವ್ಯಾಪಾರಿ ಶ್ರಾವಕನಲ್ಲಿ ಕ್ಷಮೆ ಯಾಚಿಸಿದರು. ದೊಡ್ಡವರು ತಪ್ಪೊಪ್ಪಿಕೊಂಡರೆ ಅಧಿಕಾರ ಕುಗ್ಗುವುದೆಂಬ ಭಯ ಎಷ್ಟು ಹುಸಿಯೆಂಬುದನ್ನು ಈ ಕಥೆ ತೋರಿಸುತ್ತದೆ. ದಶಲಕ್ಷಣ ಪರ್ವದ ಮುಕ್ತಾಯದ ಕ್ಷಮಾವಣಿಯಂದು ಯಜಮಾನನು ತನ್ನ ಗುಮಾಸ್ತನ ಮುಂದೆ, ಹಮಾಲನ ಮುಂದೆ ಕೈಮುಗಿದು ನಿಲ್ಲಬಲ್ಲನಾದರೆ, ಆ ಅಂಗಡಿಯ ಗಾಳಿಯೇ ಬದಲಾಗುತ್ತದೆ.

ದಿನಚರಿಯೇ ಕಟ್ಟೆ

ಇಂಥ ಮನಸ್ಸು ಒಂದು ದಿನದ ಉಪನ್ಯಾಸದಿಂದ ಬರುವುದಿಲ್ಲ. ಕಲ್ಲಿನ ಮೇಲೆ ಕಲ್ಲಿಟ್ಟಂತೆ ಅಭ್ಯಾಸದಿಂದ ಅದನ್ನು ಕಟ್ಟಬೇಕು. ಅದಕ್ಕಾಗಿಯೇ ಗೃಹಸ್ಥನಿಗೆ ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನವೆಂಬ ಆರು ನಿತ್ಯಕರ್ಮಗಳನ್ನು ವಿಧಿಸಲಾಗಿದೆ. ವ್ಯಾಪಾರದ ಗದ್ದಲದಲ್ಲಿರುವವನಿಗೆ ಇವುಗಳಲ್ಲಿ ಒಂದೊಂದೂ ಆಸರೆ.

ಸಾಮಾಯಿಕಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷಗಳ ಕಾಲಮಾನವಿದೆ. ಆ ಹೊತ್ತಿನಲ್ಲಿ ಲಾಭನಷ್ಟ, ಸ್ತುತಿನಿಂದೆ, ಮಿತ್ರಶತ್ರುಗಳಲ್ಲಿ ಸಮಭಾವ ತಳೆಯುವುದು ಸಾಧನೆ. ಬೆಳಿಗ್ಗೆ ಪೇಟೆಗೆ ಇಳಿಯುವ ಮುನ್ನ ಲಾಭನಷ್ಟಗಳನ್ನು ಒಂದೇ ಕಣ್ಣಿನಿಂದ ನೋಡಲು ಕಲಿತವನು, ಮಧ್ಯಾಹ್ನ ಧಾರಣೆ ಕುಸಿದಾಗ ಗುಮಾಸ್ತನ ಮೇಲೆ ಹರಿಹಾಯುವುದಿಲ್ಲ. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮಕ್ಕೆ ಜೀವದಯೆಯೇ ಮೂಲ. ಆ ನಿಯಮವನ್ನು ಪಾಲಿಸುವ ಯಜಮಾನನು ಅನಿವಾರ್ಯವಾಗಿ ಹೊತ್ತಿಗೆ ಮನೆ ಸೇರುತ್ತಾನೆ. ಮನೆಯವರ ಜೊತೆ ಕುಳಿತು ಉಣ್ಣುತ್ತಾನೆ. ಹಗುರವಾದ ಹೊಟ್ಟೆಯಲ್ಲಿ ಮಲಗುತ್ತಾನೆ. ಜೊತೆಗೆ ಅವನ ಆಳುಗಳೂ ಹೊತ್ತಿಗೆ ಮನೆ ಕಾಣುತ್ತಾರೆ. ಒಬ್ಬನ ವ್ರತದಿಂದ ಹತ್ತು ಮನೆಗಳಲ್ಲಿ ದೀಪದ ಹೊತ್ತಿಗೆ ತಂದೆ ಮಕ್ಕಳು ಒಟ್ಟಾಗುತ್ತಾರೆ. ಅಷ್ಟಮಿ ಚತುರ್ದಶಿಗಳ ಉಪವಾಸವು ನಾಲಿಗೆಗೆ ‘ಬೇಡ’ ಎನ್ನುವುದನ್ನು ಕಲಿಸುತ್ತದೆ. ನಾಲಿಗೆಗೆ ‘ಬೇಡ’ ಎಂದು ಹೇಳಿ ಅಭ್ಯಾಸವಿರುವವನಿಗೆ ಅನ್ಯಾಯದ ಲಾಭಕ್ಕೂ ಹಾಗೆನ್ನುವುದು ಕಷ್ಟವಲ್ಲ.

ರಾತ್ರಿಯ ಪ್ರತಿಕ್ರಮಣವು ವ್ಯಾಪಾರಿಗೆ ಅತ್ಯಂತ ಸುಲಭವಾಗಿ ಅರ್ಥವಾಗಬೇಕಾದ ಸಾಧನೆ. ದಿನದ ಕೀರ್ದಿ ಬರೆದು ಮುಗಿಸದೆ ಅಂಗಡಿ ಮುಚ್ಚುವವನು ಒಳ್ಳೆಯ ವ್ಯಾಪಾರಿಯಲ್ಲ. ಹಾಗೆಯೇ ದಿನದ ನಡೆನುಡಿಯ ಲೆಕ್ಕ ನೋಡದೆ ಕಣ್ಣು ಮುಚ್ಚುವವನು ಒಳ್ಳೆಯ ಶ್ರಾವಕನಲ್ಲ. ಇಂದು ಯಾರನ್ನು ಮಿತಿ ಮೀರಿ ನಡೆಸಿದೆ? ಯಾರ ಮೇಲೆ ಹೊರೆ ಹೇರಿದೆ? ಯಾರ ಗಳಿಕೆಗೆ ಕರುಬಿದೆ? ಈ ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಸಮಂತಭದ್ರರ ಕನ್ನಡಿ ಪ್ರತಿರಾತ್ರಿ ಮುಂದೆ ನಿಂತಂತೆಯೇ.

ಇದು ಪ್ರಾಚೀನರಿಗೆ ಮಾತ್ರ ಸಾಧ್ಯವಾದ ಬದುಕಲ್ಲ. ಸಿಂಗಟಾಲೂರನ್ನು ಹಾಯ್ದ ತುಂಗಭದ್ರೆಯು ಮುಂದೆ ಹಂಪಿಗೆ ಹರಿಯುತ್ತದೆ. ಅಲ್ಲಿನ ರತ್ನಕೂಟದ ಮೇಲೆ ಶ್ರೀಮದ್ ರಾಜಚಂದ್ರರ ಹೆಸರಿನ ಆಶ್ರಮವಿದೆ. ರಾಜಚಂದ್ರರು ಮುಂಬಯಿಯಲ್ಲಿ ಮುತ್ತುರತ್ನಗಳ ವ್ಯಾಪಾರದಲ್ಲಿದ್ದ ಜೈನ ಸಾಧಕರು. 1891ರಲ್ಲಿ ಇಂಗ್ಲೆಂಡಿನಿಂದ ಮರಳಿದ ಗಾಂಧೀಜಿಯವರು ಅವರನ್ನು ಭೇಟಿಯಾದರು. ಲಕ್ಷಾಂತರ ರೂಪಾಯಿಗಳ ವ್ಯವಹಾರದ ಮಾತು ಮುಗಿದ ಮರುಕ್ಷಣವೇ ರಾಜಚಂದ್ರರು ಧರ್ಮಗ್ರಂಥವನ್ನೋ ತಮ್ಮ ಆತ್ಮಚಿಂತನೆಯ ಪುಸ್ತಕವನ್ನೋ ತೆರೆಯುತ್ತಿದ್ದುದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಅಂಗಡಿಯೊಳಗಿದ್ದೂ ಅಂಗಡಿಯನ್ನು ಮನಸ್ಸಿನೊಳಗೆ ಬಿಟ್ಟುಕೊಳ್ಳದ ಬಾಳು ಅವರದು.

ಕಟ್ಟೆಯಿಂದ ಹೊಲಕ್ಕೆ

ನೀರನ್ನು ತಡೆದರೆ ಸಾಲದು, ಹರಿಸಬೇಕು. ಮಿತಿಯನ್ನು ಮೀರಿ ಬಂದುದಕ್ಕೆ ದಾನವೇ ಕಾಲುವೆ. ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯ ಕಥೆ ಈ ನಾಡಿಗೆ ಚಿರಪರಿಚಿತ. ಚಾಲುಕ್ಯರ ಸೇನಾನಿಯಾಗಿದ್ದ ಪತಿ ನಾಗದೇವ ತೀರಿಕೊಂಡಾಗ, ಮಗನನ್ನು ಬೆಳೆಸುವ ಹೊಣೆಯೂ ದೊಡ್ಡ ಸಿರಿವಂತಿಕೆಯೂ ಆಕೆಯ ಮೇಲೆ ಬಿದ್ದವು. ಆಕೆ ದುಃಖದಲ್ಲಿ ಮುಳುಗಲಿಲ್ಲ, ಸಿರಿಯಲ್ಲಿಯೂ ಮುಳುಗಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ಜಿನಬಿಂಬಗಳನ್ನು ಮಾಡಿಸಿದಳು, ಬಳೆಗಾರ ಕುಲದಲ್ಲಿ ಹುಟ್ಟಿದ ರನ್ನನಿಗೆ ಆಶ್ರಯವಿತ್ತು 993ರಲ್ಲಿ ಅಜಿತಪುರಾಣ ರಚನೆಯಾಗಲು ಕಾರಣಳಾದಳು. 1007ರ ಲಕ್ಕುಂಡಿಯ ಶಾಸನ ಆಕೆಯ ಕೀರ್ತಿಯನ್ನು ಉಳಿಸಿಕೊಂಡಿದೆ. ಲೊಕ್ಕಿ ಗದ್ಯಾಣಗಳು ಇಂದು ಯಾವ ಅಂಗಡಿಯಲ್ಲಿಯೂ ನಡೆಯವು; ದಾನಚಿಂತಾಮಣಿಯೆಂಬ ಹೆಸರು ಇಂದಿಗೂ ನಡೆಯುತ್ತಿದೆ.

ಮಿತಿ ಮತ್ತು ಪರಸ್ಪರ ಉಪಕಾರದ ಈ ವಿವೇಕ ಒಂದೇ ಮತದ ಸೊತ್ತಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಆರಂಭಿಸಿದರು. ಒಬ್ಬೊಬ್ಬನೇ ಹೊರಲಾರದ ಸಾಲದ ಹೊರೆಯನ್ನು ಊರೇ ಹಂಚಿಕೊಂಡು ಹೊರುವ ಬಗೆಯದು. ಅತಿಭಾರವಹನಕ್ಕೆ ಒಂದು ಊರು ಕಂಡುಕೊಂಡ ಪರಿಹಾರವೆಂದು ಅದನ್ನು ಕರೆಯಬಹುದು.

ಕಠಿಣವಾದ ಒಂದು ಪ್ರಶ್ನೆ ಉಳಿಯುತ್ತದೆ. ಆಳಿಗೆ ವಿಶ್ರಾಂತಿ ಕೊಟ್ಟು, ಮಾಲನ್ನು ಮುಚ್ಚಿಡದೆ, ಹೊತ್ತಿಗೆ ಅಂಗಡಿ ಮುಚ್ಚುವವನು ಪಕ್ಕದ ಅಂಗಡಿಯವನಿಗಿಂತ ಹಿಂದೆ ಬೀಳುವುದಿಲ್ಲವೇ? ಕೆಲವು ವರ್ಷ ಬೀಳಲೂಬಹುದು. ವ್ರತವು ಲಾಭದ ಉಪಾಯವೆಂದು ಆಚಾರ್ಯರು ಎಲ್ಲಿಯೂ ಆಸೆ ತೋರಿಸಲಿಲ್ಲ. ಅದರ ಗುರಿ ಆತ್ಮಶುದ್ಧಿ. ಆದರೆ ಹಿಂದೆ ಬಿದ್ದೆನೆಂಬ ಆ ಕೊರಗಿಗೂ ಶಾಸ್ತ್ರ ಹೆಸರಿಟ್ಟಿದೆ: ಅದೇ ವಿಸ್ಮಯ. ಆ ಕೊರಗನ್ನು ಗುರುತಿಸಿ ಬದಿಗಿಟ್ಟವನಿಗೆ ನಿದ್ದೆ ಉಳಿಯುತ್ತದೆ, ಆರೋಗ್ಯ ಉಳಿಯುತ್ತದೆ, ಆಳುಗಳ ವಿಶ್ವಾಸ ಉಳಿಯುತ್ತದೆ, ಮಕ್ಕಳಿಗೆ ಹಂಚಿಕೊಡಲು ಜಗಳವಿಲ್ಲದ ಮನೆ ಉಳಿಯುತ್ತದೆ. ಇವು ಯಾವ ಖಾತೆಯಲ್ಲಿಯೂ ಜಮೆಯಾಗುವುದಿಲ್ಲ. ಇವು ಇಲ್ಲದಿದ್ದರೆ ಯಾವ ಜಮೆಯೂ ನಿಲ್ಲುವುದಿಲ್ಲ.

ಸಂಜೆ ಅಂಗಡಿಯ ಬಾಗಿಲು ಎಳೆಯುವ ಮುನ್ನ ಯಜಮಾನನು ಒಮ್ಮೆ ಕೀರ್ದಿಯಿಂದ ತಲೆಯೆತ್ತಿ ಸುತ್ತ ನೋಡಲಿ. ಚೀಲ ಇಳಿಸಿದ ಹಮಾಲನ ಬೆನ್ನು ಹೇಗಿದೆ, ಗುಮಾಸ್ತನ ಕಣ್ಣು ಹೇಗಿದೆ, ಕನ್ನಡಿಯಲ್ಲಿ ತನ್ನದೇ ಮುಖ ಹೇಗಿದೆ ಎಂದು ಕೇಳಿಕೊಳ್ಳಲಿ. ಅಲ್ಲಿ ದಣಿವಿದ್ದರೂ ನೋವಿಲ್ಲದಿದ್ದರೆ ಅಂದಿನ ಲೆಕ್ಕ ಸರಿಯಿದೆ. ನೋವಿದ್ದರೆ, ಎಷ್ಟೇ ಲಾಭ ಬರೆದಿದ್ದರೂ, ಎಲ್ಲಿಯೋ ಕೂಡುವಲ್ಲಿ ತಪ್ಪಾಗಿದೆ. ಆ ತಪ್ಪನ್ನು ಅಂದೇ ತಿದ್ದಿಕೊಳ್ಳುವುದು ವ್ಯಾಪಾರಿಯ ಪ್ರತಿಕ್ರಮಣ. ನಾಳೆ ಅದು ಮರುಕಳಿಸದಂತೆ ನೋಡಿಕೊಳ್ಳುವುದು ಅವನ ವ್ರತ.